ವೇಗದ ಹಡಗಿನ ಆಯಿಲರ್ ತನಿಯ

ತನಿಯ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹತ್ತಿದ ಹಡಗಿನ ಹೆಸರು ನಾರ್ತ್ ಮೆರಿಡಿಯನ್. ಮಲ್ಪೆಯಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಕಲಿತಿದ್ದ ಅವನಿಗೆ ಮುಂಬಯಿಯ ಏಜೆಂಟನೊಬ್ಬ ಅದರಲ್ಲಿ ಆಯಿಲರ್ ಕೆಲಸ ಕೊಡಿಸಿದ. ಇಂಜಿನ್ ಕೋಣೆಯ ಯಂತ್ರಗಳಿಗೆ ಎಣ್ಣೆ ಹಾಕುವುದು, ಬೇರಿಂಗುಗಳ ಮೇಲೆ ಕೈಯಿಟ್ಟು ಬಿಸಿ ನೋಡುವುದು, ಇಷ್ಟೇ.

ಜರ್ಮನಿಯಲ್ಲಿ ಆ ಹಡಗನ್ನು ಕಟ್ಟಿದ್ದು ಎಪ್ಪತ್ತೆರಡರಲ್ಲಿ. ಕಂಟೇನರುಗಳಿಗೆಂದೇ ಕಟ್ಟಿದ ಮೊದಮೊದಲ ಹಡಗುಗಳಲ್ಲಿ ಅದೂ ಒಂದು. ಉಳಿದ ಸರಕು ಹಡಗುಗಳು ಇಪ್ಪತ್ತು ನಾಟ್‌ಗೆ ಏದುಸಿರು ಬಿಡುತ್ತಿದ್ದ ಕಾಲದಲ್ಲಿ ಇದು ಮೂವತ್ತಮೂರು ನಾಟ್ ಓಡುತ್ತಿತ್ತು, ಗಂಟೆಗೆ ಅರವತ್ತು ಕಿಲೋಮೀಟರ್. ಆದರೆ ಪೂರ್ತಿ ವೇಗದಲ್ಲಿ ದಿನಕ್ಕೆ ಐನೂರು ಟನ್ ಎಣ್ಣೆ ಕುಡಿಯುತ್ತಿತ್ತು. ನೀರಿಗಿಳಿದ ಮರುವರ್ಷವೇ ಎಣ್ಣೆಯ ಬೆಲೆ ಗಗನಕ್ಕೇರಿತು. ಮಾಲೀಕರು ಬದಲಾದಂತೆಲ್ಲ ವೇಗ ಇಳಿಯುತ್ತ ಬಂತು. ತನಿಯ ಹತ್ತುವ ಹೊತ್ತಿಗೆ ಮೂರನೆಯ ಮಾಲೀಕ. ಎರಡು ಬಾಯ್ಲರುಗಳಲ್ಲಿ ಒಂದು ತಣ್ಣಗೆ ಮಲಗಿತ್ತು.

ಎಂಬತ್ತೊಂಬತ್ತರಲ್ಲಿ ಸಿಂಗಾಪುರದಲ್ಲಿ ಸರಕು ತಡವಾಯಿತು. ಕಳೆದ ದಿನಗಳನ್ನು ಹಿಡಿಯಲು ಎರಡೂ ಬಾಯ್ಲರ್ ಹಚ್ಚಿ ಎಂದು ಕ್ಯಾಪ್ಟನ್ ಆಜ್ಞೆ ಮಾಡಿದರು. ಹಡಗು ಮೊದಲ ಸಲ ತನಿಯನ ಕಾಲಡಿಯಲ್ಲಿ ಗಡಗಡ ನಡುಗಿತು. ಚಹಾದ ಗ್ಲಾಸು ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ದಿನ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾಲ್ಕನೆಯ ದಿನ ಟರ್ಬೈನಿನ ಬಳಿ ಎಲ್ಲೋ ಹಬೆ ಸೋರತೊಡಗಿತು. ಅಷ್ಟು ಒತ್ತಡದ ಹಬೆ ಕಣ್ಣಿಗೆ ಕಾಣುವುದಿಲ್ಲ. ಪೊರಕೆಯ ಕೋಲನ್ನು ಮುಂದೆ ಚಾಚಿಕೊಂಡು ಹೋಗಬೇಕು. ಕೋಲು ಕತ್ತರಿಸಿದಂತೆ ಬಿದ್ದಲ್ಲಿ ಸೋರಿಕೆ. ಕೋಲು ಹಿಡಿದು ಮುಂದೆ ಹೋದವನು ದುಗ್ಗು, ಗಂಗೊಳ್ಳಿಯವನು, ತನಿಯನ ಓರಗೆಯವನು. ಹಿಂದೆ ಹಬೆ ನಿಲ್ಲಿಸುವ ವಾಲ್ವ್ ಬಳಿ ತನಿಯ. ದುಗ್ಗು ತಿರುಗಿ ಏನೋ ಕೂಗಿದ. ಬಾಯಿ ತೆರೆದದ್ದು ಕಂಡಿತು, ಮಾತು ಕೇಳಲಿಲ್ಲ. ತಡಿ ಎನ್ನುತ್ತಿದ್ದಾನೆ ಎಂದುಕೊಂಡು ತನಿಯ ವಾಲ್ವ್ ಮುಚ್ಚದೆ ಕಾದ. ಅವನು ಹೇಳಿದ್ದು ಮುಚ್ಚು ಎಂದು. ಅಷ್ಟರಲ್ಲಿ ದುಗ್ಗುವಿನ ಬಲಗೈ ಭುಜದವರೆಗೆ ಬೆಂದಿತ್ತು.

ದುಗ್ಗು ಬದುಕಿದ. ಕೊಲಂಬೊದ ಆಸ್ಪತ್ರೆಯಲ್ಲಿ ಅವನನ್ನು ಇಳಿಸಿ ಹಡಗು ಮುಂದೆ ಹೋಯಿತು. ಆ ಕೈ ಮತ್ತೆ ಮುಷ್ಟಿ ಹಿಡಿಯಲಿಲ್ಲ. ತನಿಯನ ತಪ್ಪು ಎಂದು ಯಾರೂ ಹೇಳಲಿಲ್ಲ. ಆ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ ಎಂದರು ಸೆಕೆಂಡ್ ಇಂಜಿನಿಯರ್. ಅಂದಿನಿಂದ ಯಾರಾದರೂ ಕರೆದಂತಾದರೆ ತನಿಯ ಎರಡೆರಡು ಸಲ ತಿರುಗಿ ನೋಡುವವನಾದ.

ತೊಂಬತ್ತೈದರಲ್ಲಿ ಹಡಗನ್ನು ಗುಜರಿಗೆ ಮಾರಿದರು. ಒಡೆಯಲು ಗುಜರಾತಿನ ಅಲಂಗ್‌ನ ಕಡಲತೀರಕ್ಕೆ ಒಯ್ದ ಹತ್ತು ಹನ್ನೆರಡು ಜನರಲ್ಲಿ ತನಿಯನೂ ಇದ್ದ. ಭರತದ ಹೊತ್ತಿಗೆ ಅದನ್ನು ಓಡಿಸಿ ಕೆಸರಿಗೆ ನುಗ್ಗಿಸಿದರು. ಹಡಗು ನಿಂತ ಮೇಲೂ ಅವನ ಕಿವಿಯಲ್ಲಿ ಟರ್ಬೈನ್ ನಿಲ್ಲಲಿಲ್ಲ.

ಎರಡು ವರ್ಷದ ಮೇಲೆ ಕತಾರಿಗೆ ಬಂದ. ಮೊದಲು ದೋಹಾದ ಹಳೆಯ ಬಂದರು, ಆಮೇಲೆ ಹಮದ್ ಬಂದರು. ಕಂಟೇನರ್ ಎತ್ತುವ ಯಂತ್ರಗಳನ್ನು ರಿಪೇರಿ ಮಾಡಿ, ಓಡಿಸಿ ನೋಡಿ ಕೊಡುವ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲಾಟಿನಲ್ಲಿ ಅವನು, ಶಾಲೆಯೊಂದರ ಆಫೀಸಿಗೆ ಹೋಗುವ ಮಗಳು ಯಶ್ಮಿತಾ, ಇಬ್ಬರೇ.

ಐವತ್ತೇಳು ದಾಟಿದ ಮೇಲೆ ಕಿವಿ ಮಂದವಾಗತೊಡಗಿತು. ಕುಕ್ಕರಿನ ಸೀಟಿ ಕೇಳುವುದು ನಿಂತಿತು. ಎದುರಿಗಿದ್ದವರ ತುಟಿ ನೋಡಿ ಮಾತು ಊಹಿಸುವುದನ್ನು ರೂಢಿಸಿಕೊಂಡ. ಕಂಪನಿಯ ವಾರ್ಷಿಕ ಕಿವಿ ಪರೀಕ್ಷೆಯಲ್ಲಿ ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನರ್ಸ್ ಸದ್ದು ಬಿಡುವಾಗಲೆಲ್ಲ ಅವಳ ಭುಜ ಅಲುಗುವುದನ್ನು ಅವನು ಗಾಜಿನಲ್ಲಿ ನೋಡಿ ಒತ್ತಿದ. ಪಾಸಾಯಿತು. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಮಗಳಿಗೂ ಹೇಳಲಿಲ್ಲ.

ಹೋದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಯಂತ್ರದ ಮೇಲೆ ಕೂತು ಖಾಲಿ ಕಂಟೇನರೊಂದನ್ನು ಇಳಿಸುತ್ತಿದ್ದ. ಕೆಳಗೆ ಸೂಪರ್‌ವೈಸರ್ ಫವಾಝ್, ಉಳ್ಳಾಲದ ಹುಡುಗ, ಮೂವತ್ತೆರಡರವನು. ಮೂಲೆಯ ಲಾಕ್ ಸರಿಯಾಗಿ ಕೂತಿಲ್ಲವೆಂದು ವಾಕಿಟಾಕಿಯಲ್ಲಿ ನಿಲ್ಲಿಸಲು ಹೇಳಿ, ಬಗ್ಗಿ ನೋಡಲು ಕಂಟೇನರಿನ ಅಡಿಗೆ ಹೆಜ್ಜೆಯಿಟ್ಟ. ತನಿಯನಿಗೆ ಕೇಳಲಿಲ್ಲ. ಎದುರಿದ್ದ ನೇಪಾಳಿ ಕೆಲಸಗಾರನೊಬ್ಬ ಎರಡೂ ಕೈ ಬೀಸುತ್ತ ಓಡಿ ಬಂದದ್ದು ಕಂಡು ಲಿವರ್ ಎಳೆದ. ಕಂಟೇನರ್ ಫವಾಝ್‌ನ ಹೆಲ್ಮೆಟ್ಟಿನ ಒಂದು ಮೊಳ ಮೇಲೆ ನಿಂತಿತು.

ತನಿಯ ಇಳಿದು ಬಂದ. ಫವಾಝ್ ಬೆವರು ಒರೆಸಿಕೊಂಡು, “ಈ ವಾಕಿಟಾಕಿ ಖಲಾಸ್ ತನಿಯಣ್ಣ. ಬೇರೆ ತರಿಸುವ” ಎಂದ. ಅಂದೇ ಹೊಸತು ಬಂತು.

ಐದು ದಿನ ತನಿಯ ಬಾಯಿ ಬಿಡಲಿಲ್ಲ. ಹೊಸ ವಾಕಿಟಾಕಿಯನ್ನು ಕಿವಿಗೆ ಒತ್ತಿಕೊಂಡು ಕೂರುತ್ತಿದ್ದ. ಅದರಲ್ಲೂ ಗೊರಗೊರ ಮಾತ್ರ. ಮಗಳು ಒಂದು ಸಂಜೆ ಎದುರಿಗೆ ಬಂದು ಕೂತು, “ಅಪ್ಪ, ನಾನು ಹಿಂದಿನಿಂದ ಮೂರು ಸಲ ಕರೆದೆ. ನಿಮಗೆ ಎಂತ ಆಗಿದೆ?” ಎಂದು ಕೇಳಿದಳು. ಆಗ ಎಲ್ಲವನ್ನೂ ಹೇಳಿದ, ದುಗ್ಗುವಿನ ಕೈಯನ್ನೂ. ಅವಳು, “ನಾಳೆಯೇ ಹೇಳಿ” ಎಂದಳು.

ಮರುದಿನ ಯಂತ್ರ ಹತ್ತುವ ಮುಂಚೆ ಫವಾಝ್‌ನ ಕ್ಯಾಬಿನ್ನಿಗೆ ಹೋದ.

“ಆ ದಿನ ವಾಕಿಟಾಕಿ ಸರಿ ಇತ್ತು. ನನ್ನ ಕಿವಿ ಸರಿ ಇಲ್ಲ.”

“ಎಷ್ಟು ಸಮಯದಿಂದ?”

“ಎರಡು ವರ್ಷ ಆಯ್ತು.”

ಫವಾಝ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟ. “ನನಗೆ ಎರಡು ಸಣ್ಣ ಮಕ್ಕಳಿದ್ದಾರೆ ತನಿಯಣ್ಣ.”

ತನಿಯ ಯಂತ್ರದ ಕೀಲಿಯನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದ.

ಈ ಸಲ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಕೂತ. ಎಡಗಿವಿ ಹೆಚ್ಚುಕಡಿಮೆ ಹೋಗಿದೆ, ಬಲಗಿವಿ ಅರ್ಧ ಎಂದರು ವೈದ್ಯರು. ತೀರ್ಮಾನ ಬರಲು ಮೂರು ವಾರ ಹಿಡಿಯಿತು. ಫೋನು ಅಲುಗಿದಾಗಲೆಲ್ಲ ತೆಗೆದು ನೋಡುತ್ತಿದ್ದ. ಕೊನೆಗೆ ಬಂದ ಪತ್ರದಲ್ಲಿ ಯಂತ್ರ ಓಡಿಸುವಂತಿಲ್ಲ ಎಂದಿತ್ತು. ಒಪ್ಪಂದದ ಉಳಿದ ಹತ್ತು ತಿಂಗಳು ವರ್ಕ್‌ಶಾಪಿನಲ್ಲಿ ಬಿಚ್ಚಿದ ಪಂಪುಗಳ ಕೆಲಸ. ಅದು ಮುಗಿದರೆ ಊರು.

ಫವಾಝ್ ಒಂದು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ರಂಜಾನ್ ಮುಗಿದ ವಾರ ವರ್ಕ್‌ಶಾಪಿಗೆ ಬಂದು, ತನಿಯನ ಭುಜ ಮುಟ್ಟಿ, ಅವನು ತಿರುಗುವವರೆಗೆ ಕಾದು, ಹಬ್ಬದ ತಿಂಡಿಯ ಡಬ್ಬಿಯೊಂದನ್ನು ಮುಂದಿಟ್ಟ.

“ಮಾಜಿದಾ ಕಳಿಸಿದ್ದು. ನಿಮಗೆ ಅಂತ ಬೇರೆಯೇ ತೆಗೆದಿಟ್ಟಿದ್ದಳು, ತಿನ್ನಿ” ಎಂದ.

ಮಾಜಿದಾ ಅವನ ಹೆಂಡತಿ. ತನಿಯ ಗ್ರೀಸ್ ಮೆತ್ತಿದ ಕೈಯನ್ನು ತೊಳೆಯಲು ಎದ್ದ.