ಡೇಟಾಬೇಸ್ ಪುಸ್ತಕಕ್ಕೆ ಸರಸ್ವತಿ ಪೂಜೆ

ಮೇಷ್ಟ್ರು ಓದಲು ಹೇಳಿದ್ದ ಡೇಟಾಬೇಸ್ ಪುಸ್ತಕಕ್ಕೆ ಅತ್ತೆ ಕುಂಕುಮವಿಟ್ಟು ಸರಸ್ವತಿ ಪೂಜೆಗೆ ಕೂರಿಸಿಬಿಟ್ಟಿದ್ದರು. ದಸರಾ ಮುಗಿದ ಮಾರನೆಯ ದಿನವೇ ನನಗೆ ಪರೀಕ್ಷೆ.

“ವಿಜಯದಶಮಿ ತನಕ ಮುಟ್ಟಂಗಿಲ್ಲ ಕಣಮ್ಮ.”

ಅದೇ ಪುಸ್ತಕ ಲ್ಯಾಪ್‌ಟಾಪ್‌ನಲ್ಲೂ ಇತ್ತು. ಲ್ಯಾಪ್‌ಟಾಪ್ ಪುಸ್ತಕವಲ್ಲ, ಆಯುಧ ಎಂದು ಅತ್ತೆ ತೀರ್ಮಾನಿಸಿದ್ದರಿಂದ ಅದರಲ್ಲಿ ಓದಿಕೊಂಡೆ. ಆಯುಧಪೂಜೆಯ ಬೆಳಿಗ್ಗೆ ಅದಕ್ಕೂ ಕುಂಕುಮ ಬಿತ್ತು. ಮುಖ ಊದಿಸಿಕೊಂಡು ಕೂತೆ.

ಹೂ ಕಟ್ಟುತ್ತಿದ್ದ ಅತ್ತೆ ಹೇಳಿದರು: “ಇಷ್ಟು ದಿನ ಓದಿದ್ದೀಯಲ್ಲ, ನಂಗೆ ಒಪ್ಪಿಸು. ಬಾಯಿಗೇನೂ ಪೂಜೆ ಇಲ್ವಲ್ಲ.”

ಒಪ್ಪಿಸಲು ಹೊರಟವಳು ಮೊದಲನೇ ಅಧ್ಯಾಯವನ್ನೇ ದಾಟಲಿಲ್ಲ. ತಡವರಿಸಿದಲ್ಲೆಲ್ಲ ಮತ್ತೆ ಹೇಳಿಸುತ್ತ, ಹೂವಿನ ಮಾಲೆ ಮುಗಿಯುವವರೆಗೂ ಅತ್ತೆ ಬಿಡಲೂ ಇಲ್ಲ.

ವಿಜಯದಶಮಿಯಂದು ಪುಸ್ತಕ ಕೈಗೆ ಬಂದಾಗ, ತಡವರಿಸಿದ್ದನ್ನೇ ಹುಡುಕಿ ಓದಿಕೊಂಡೆ. ಪರೀಕ್ಷೆ ಪಾಸಾಯಿತು. ಡೇಟಾಬೇಸ್ ಕಲಿಯಲು ಯಾವ ಪುಸ್ತಕ ಒಳ್ಳೆಯದೆಂದು ಯಾರಾದರೂ ಕೇಳಿದರೆ, ಈಗ ಪುಸ್ತಕದ ಹೆಸರು ಹೇಳಿ, ಮನೆಯಲ್ಲಿ ಅತ್ತೆ ಇದ್ದಾರೆಯೇ ಎಂದೂ ವಿಚಾರಿಸುತ್ತೇನೆ.