ಸರಸಮ್ಮನ ನಾಲಿಗೆ ಮತ್ತು ಜಪಾನಿನ ಸೊಪ್ಪು

ಹಿರೀಸಾವೆಯ ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಸಾಂಬಾರು ಮಾಡುತ್ತಿರುವವಳು ಸರಸಮ್ಮ. ಬಸ್ಸಿಳಿದವರು ಇಡ್ಲಿ ಒಂದೇ ಸಲ ಕೇಳಿದರೂ ಸಾಂಬಾರನ್ನು ಮೂರು ಸಲ ಹಾಕಿಸಿಕೊಳ್ಳುತ್ತಾರೆ. ಪಾತ್ರೆ ಇಳಿಸುವ ಮುಂಚೆ ಸೌಟಿನಿಂದ ಒಂದು ತೊಟ್ಟು ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ತಲೆಯಾಡಿಸುವುದು ಅವಳ ಪದ್ಧತಿ. ಆ ತಲೆ ಆಡಿದ ಮೇಲೇ ಸಪ್ಲೈಯರುಗಳು ಬಕೆಟ್ಟಿಗೆ ಕೈ ಹಾಕುವುದು.

ಮೂರು ವರ್ಷದಿಂದ ಅದು ಬರೀ ನಾಟಕ. ಕೊರೊನಾ ಜ್ವರ ಹೋಗುವಾಗ ಅವಳ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಗಿತ್ತು. ಮೆಣಸಿನಕಾಯಿ ಕಚ್ಚಿದರೆ ಉರಿ ಮಾತ್ರ, ಬೆಲ್ಲ ಇಟ್ಟರೆ ಮಣ್ಣು. ರುಚಿ ಗೊತ್ತಾಗದ ಅಡುಗೆಯವಳನ್ನು ಯಾವ ಮಾಲೀಕ ಇಟ್ಟುಕೊಂಡಾನು? ಅವಳು ಯಾರಿಗೂ ಹೇಳಲಿಲ್ಲ. ಅದೇ ಅಡುಗೆಮನೆಯಲ್ಲಿ ಎರಡು ಮಾರು ದೂರ ಕೂತು ತರಕಾರಿ ಹೆಚ್ಚುವ ಗಂಡ ಅಣ್ಣಯ್ಯನಿಗೂ ಹೇಳಲಿಲ್ಲ. ಮುಷ್ಟಿ ಲೆಕ್ಕದಲ್ಲಿ ಉಪ್ಪು, ಕಣ್ಣಳತೆಯಲ್ಲಿ ಹುಣಸೆರಸ ಹಾಕುತ್ತಾ ಬಂದಳು.

ನಾಲಿಗೆಯ ಹಿಂದೆಯೇ ಮನಸ್ಸೂ ಜಡ್ಡುಗಟ್ಟಿತು. ಹೋದ ವರ್ಷ ಅಕ್ಕ ಗುರುಸಿದ್ದಮ್ಮ ತೀರಿಕೊಂಡಾಗ ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ನೆಂಟರು ಕಲ್ಲು ಎಂದರು. ಅನ್ನಲಿ ಬಿಡಿ, ಅವರ ನಾಲಿಗೆಯಾದರೂ ನೆಟ್ಟಗಿತ್ತಲ್ಲ.

ಆ ಅಕ್ಕನ ಮಗಳು ನೇತ್ರಾವತಿ ಹಾಸನದ ಲಾಡ್ಜೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ತಿಂಗಳುಗಟ್ಟಲೆ ಉಳಿದಿದ್ದ ಜಪಾನಿನ ಇಂಜಿನಿಯರೊಬ್ಬ ಊರಿಗೆ ಹೊರಡುವಾಗ ಅವಳ ಕೈಗೆ ಹಸಿರು ಟೀ ಎಲೆಯ ಒಂದು ಸಣ್ಣ ಡಬ್ಬ ಕೊಟ್ಟಿದ್ದ. ಅವಳು ಅದನ್ನು ತಂದು ಚಿಕ್ಕವ್ವನಿಗೆ ಕೊಟ್ಟು, ನಿಂತ ಕಾಲಲ್ಲೇ ಬಸ್ಸು ಹತ್ತಿದಳು.

ಸರಸಮ್ಮ ತನಗೆ ಗೊತ್ತಿದ್ದಂತೆ ಮಾಡಿದಳು. ಎರಡು ಚಮಚ ಎಲೆ, ಹಾಲು, ಸಕ್ಕರೆ, ಚೂರು ಶುಂಠಿ ಹಾಕಿ ಮೂರು ಉಕ್ಕು ಬರಿಸಿದಳು. ಅಣ್ಣಯ್ಯ ಒಂದು ಗುಟುಕು ಕುಡಿದವನೇ ಹಿತ್ತಿಲಿಗೆ ಓಡಿದ.

"ಥೂ, ಮೆಂತ್ಯೆ ಸೊಪ್ಪು ಬೇಯ್ಸಿ ಆಲಿಗೆ ಉಯ್ದಂಗೈತೆ ಕಣೆ!"

ಅವಳೂ ಕುಡಿದಳು. ಅವಳಿಗೆ ಬಿಸಿ ತಾಕಿತು, ಅಷ್ಟೇ. ಅವನಿಗೆ ಕಹಿಯಾದರೂ ಸಿಕ್ಕಿತಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಮುಂದಿನ ಭಾನುವಾರ ಬಂದ ನೇತ್ರಾವತಿ ಕೇಳಿ ತಲೆ ಚಚ್ಚಿಕೊಂಡಳು. "ಅಯ್ಯೋ ಚಿಕ್ಕವ್ವ, ಇದ್ನ ಕುದಿಸ್ಬಾರ್ದು! ಕೀಳಕ್ಕೆ ಮೂರು ವಾರ ಮುಂಚೆ ಗಿಡಕ್ಕೆ ಚಪ್ಪರ ಕಟ್ಟಿ ನೆರಳಲ್ಲೇ ಬೆಳಸ್ತಾರಂತೆ."

"ಎಲೆ ತ್ವಾಟದಂಗೆ ಅನ್ನು," ಎಂದಳು ಸರಸಮ್ಮ. ವೀಳ್ಯದೆಲೆ ಬಿಸಿಲಿಗೆ ಒರಟಾಗುವುದು, ನೆರಳಿಗೆ ಎಳಸಾಗುವುದು ಅವಳಿಗೆ ಗೊತ್ತಿತ್ತು. ಎಳೆಯದಕ್ಕೆ ಕುದಿನೀರು ಸುರಿದರೆ ಬೆಂದೇ ಹೋಗುತ್ತದೆ, ಸರಿ.

ನೀರು ಕುದಿಸಿ ಇಳಿಸಿದಳು. ಹೋಟೆಲಿನಲ್ಲಿ ಕಾಫಿ ಆರಿಸುವ ಹಾಗೆ ಈ ಲೋಟದಿಂದ ಆ ಲೋಟಕ್ಕೆ, ಅದರಿಂದ ಇದಕ್ಕೆ ಹಾಕುತ್ತಾ ಹೋದಳು. ಲೋಟವನ್ನು ಬರಿಗೈಲಿ ಹಿಡಿಯುವಷ್ಟಾದಾಗ ಎಲೆಯ ಮೇಲೆ ಬಿಟ್ಟಳು. ನೀರು ಎಲೆ ನೆನೆಯುವಷ್ಟೇ ಸಾಕೆಂದು ನೇತ್ರಾವತಿ ಫೋನು ನೋಡಿಕೊಂಡು ಹೇಳುತ್ತಿದ್ದಳು. ಎರಡು ನಿಮಿಷ ಮುಚ್ಚಿಟ್ಟು, ಕೊನೆಯ ತೊಟ್ಟೂ ಬಿಡದೆ ಬಸಿದರು. ಇಷ್ಟು ತಾಪತ್ರಯಕ್ಕೆ ಇಳಿದದ್ದು ಎರಡು ಗುಟುಕು ಹಸಿರು ನೀರು.

ಕೈ ತನ್ನ ಅಭ್ಯಾಸದಂತೆ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡಿತು. ಅವಳು ನೆಕ್ಕಿದಳು.

ನಾಲಿಗೆಯ ಬುಡದಲ್ಲಿ ಏನೋ ಕದಲಿತು. ಉಪ್ಪಲ್ಲ, ಸಿಹಿಯಲ್ಲ, ಬೇಳೆಕಟ್ಟಿನ ಹಾಗೆ ದಪ್ಪನೆಯದೊಂದು. ಅದು ಏನೆಂದು ಹಿಡಿಯುವಷ್ಟರಲ್ಲಿ ಹೋಗಿಬಿಟ್ಟಿತು. ಲೋಟದಲ್ಲಿದ್ದದ್ದನ್ನೆಲ್ಲ ಕುಡಿದಳು. ಮತ್ತೆ ಬರಲಿಲ್ಲ.

ನೇತ್ರಾವತಿಯನ್ನು ಬಸ್ಸಿಗೆ ಕಳಿಸಿ ಬಂದವಳು ಜಗುಲಿಯಲ್ಲಿ ಕೂತಿದ್ದ ಗಂಡನಿಗೆ ನಿಂತಲ್ಲೇ ಹೇಳಿದಳು. "ಮೂರು ವರ್ಸದಿಂದ ನಂಗೆ ಏನೂ ರುಚಿ ಅತ್ತಾಕಿಲ್ಲ. ಇವತ್ತು ಒಂದ್ ಗಳಿಗೆ ಅತ್ತಿದಂಗಾಯ್ತು."

ಅಣ್ಣಯ್ಯ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. "ಗೊತ್ತು ಕಣೆ. ಜ್ವರ ಬುಟ್ಟು ನೀನು ಕೆಲ್ಸಕ್ಕೆ ಬಂದ ದಿನ ಉಪ್ಪು ಎಲ್ಡ್ ಸಲ ಆಕಿದ್ದೆ. ನೀನು ನಲ್ಲಿ ತಾವ ಓದಾಗ ಬೇಳೆಕಟ್ಟು ಉಯ್ದು ಸರಿಮಾಡ್ದೆ. ಅವತ್ತಿಂದ ದಿನಾ ನಾನೇ ನೋಡ್ತೀನಿ."

ಜನ ಹೊಗಳಿ ಹೊಗಳಿ ಹಾಕಿಸಿಕೊಂಡದ್ದು ಇವನ ನಾಲಿಗೆಯ ಸಾಂಬಾರು. ಸರಸಮ್ಮನಿಗೆ ಕೋಪ ಬರಬೇಕಿತ್ತು.

"ಮತ್ಯಾಕೆ ಏಳ್ನಿಲ್ಲ ನೀವು?"

"ನೀನೇ ಏಳ್ಲಿ ಅಂತ ಸುಮ್ಕಿದ್ದೆ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಅಕ್ಕ ತೀರಿಕೊಂಡಾಗ ಬಾರದಿದ್ದ ಅಳು, ಎಲ್ಲಿತ್ತೋ, ಕಿತ್ತುಕೊಂಡು ಬಂತು. ಕಣ್ಣೀರು ಕೆನ್ನೆಯಿಂದ ತುಟಿಗೆ, ತುಟಿಯಿಂದ ಬಾಯೊಳಕ್ಕೆ ಇಳಿಯಿತು. ಅವಳು ಚಪ್ಪರಿಸಿ ನೋಡಿದಳು. ಉಪ್ಪು ಹತ್ತಲಿಲ್ಲ.