ತಾನಾಗಿ ಉದುರಿದ ಕೂದಲು

ಹೋದ ಮಾಘದ ಒಂದು ಬೆಳಿಗ್ಗೆ ಅವ್ವ ನನ್ನ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು. ಎಡಗಿವಿಯ ಹಿಂದೆ ಅವಳ ಬೆರಳು ಒಂದೇ ಕಡೆ ಸುತ್ತುತ್ತಿತ್ತು. ಏನವ್ವ ಅಂದೆ. ನಾನೇ ಕೈ ಹಾಕಿ ನೋಡಿದೆ. ರೂಪಾಯಿ ಅಗಲದ ಜಾಗ, ಕೂಸಿನ ಕೆನ್ನೆಯಂತೆ ನುಣುಪು.

ಅಲ್ಲಿ ಒಂದು ಕೂದಲೂ ಇರಲಿಲ್ಲ.

ನನಗೆ ಹದಿನೆಂಟು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಹುಕ್ಕೇರಿಯ ಒಂದು ವ್ಯಾಪಾರಸ್ಥರ ಮನೆಯ ಹುಡುಗನೊಂದಿಗೆ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಮುಗಿದು ವೈಶಾಖದಲ್ಲಿ ಮದುವೆ ಎಂದು ಗೊತ್ತಾಗಿತ್ತು. ನನ್ನನ್ನು ನೋಡಲು ನಮ್ಮೂರು ದಡ್ಡಿಗೆ ಬಂದಾಗ ವರನ ತಾಯಿ ನನ್ನ ಹೆರಳನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದ್ದರು, ಪೇಟೆಯಲ್ಲಿ ಹತ್ತಿ ನೋಡುವ ಹಾಗೆ. ಆಗ ನನಗೆ ನಗು ತಡೆಯಲಾಗಿರಲಿಲ್ಲ.

ನಮ್ಮ ಮನೆಯಲ್ಲಿ ಮಾತು ನಡೆಯುವುದು ಆಯಿಯದು, ಅಂದರೆ ಅಪ್ಪನ ತಾಯಿಯದು. ಅವಳು ನನ್ನ ತಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಹುಳ ತಿಂದೈತಿ. ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

ಗರುಗದ ಸೊಪ್ಪಿನ ರಸವನ್ನು ಕೊಬ್ಬರಿ ಎಣ್ಣೆಯಲ್ಲಿ ಕುದಿಸಿ ಅವಳೇ ದಿನಾ ಹಚ್ಚುತ್ತಿದ್ದಳು. ಬಿಗಿಯಾಗಿ ಹೆರಳು ಹಾಕಬಾರದು, ಒದ್ದೆ ತಲೆ ಕಟ್ಟಬಾರದು, ಬಿಸಿನೀರು ಸುರಿಯಬಾರದು. ಎಲ್ಲವನ್ನೂ ಪಾಲಿಸಿದೆ. ಹತ್ತು ದಿನಗಳಲ್ಲಿ ನೆತ್ತಿಯ ಮೇಲೆ ಇನ್ನೊಂದು ಜಾಗ ಬೋಳಾಯಿತು.

ದೂರದ ಊರಿನ ವೈದ್ಯರೊಬ್ಬರು ಗುಲಗಂಜಿ ಅರೆದು ಲೇಪಿಸಲು ಹೇಳಿದರು. ಅದರ ಮೇಲೆ ಉಳ್ಳಾಗಡ್ಡಿಯ ರಸ ತಿಕ್ಕಬೇಕು. ನಮ್ಮದು ಜೈನರ ಮನೆ. ಆಯಿ ಸೊಸೆಯಾಗಿ ಬಂದ ಐವತ್ತು ವರ್ಷಗಳಲ್ಲಿ ಉಳ್ಳಾಗಡ್ಡಿ ನಮ್ಮ ಹೊಸ್ತಿಲು ದಾಟಿದ್ದಿಲ್ಲ.

"ತಿನ್ನೂದಲ್ರಿ ಅತ್ತಿ, ಹಚ್ಚೂದು," ಎಂದಳು ಅವ್ವ.

"ಹಚ್ಚಾಕಾದ್ರೂ ಮನಿಯೊಳಗ ಬರೂದ ಹೌದಿಲ್ಲೊ?"

ಅವ್ವ ಹೊಲದ ಬಾವಿಯ ಹತ್ತಿರ ಕದ್ದು ಹಚ್ಚತೊಡಗಿದಳು. ಕಣ್ಣು ನನ್ನವೂ ಉರಿಯುತ್ತಿದ್ದವು, ಅವಳವೂ. ಎಷ್ಟು ತೊಳೆದರೂ ವಾಸನೆ ನಮ್ಮ ಜೊತೆಗೇ ಮನೆಗೆ ಬಂತು. ಆಯಿ ಬೈಯಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿ, ತನ್ನ ಅನ್ನ ತಾನೇ ಮಾಡಿಕೊಂಡಳು. ನನ್ನ ತಲೆಯ ದೆಸೆಯಿಂದ ಮನೆಯಲ್ಲಿ ಎರಡು ಒಲೆಗಳಾದವು.

ಕೊನೆಗೆ ಅಪ್ಪ ಸರ್ವಿಸ್ ಮೋಟಾರು ಹತ್ತಿಸಿ ಗೋಕಾಕದ ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದಕ್ಕ ಅಲೋಪೇಶಿಯಾ ಅಂತಾರ್ರಿ. ಹುಳ ಅಲ್ಲ, ಅಂಟುರೋಗನೂ ಅಲ್ಲ."

"ವೈಶಾಖದೊಳಗ ಕೂದಲಾ ಬರ್ತಾವೇನ್ರಿ?" ಎಂದು ಅಪ್ಪ ಕೇಳಿದ.

"ಬಂದ್ರ ಬಂದಾವು. ಖರೆ ಹೇಳಬೇಕಂದ್ರ, ಯಾಕ ಉದುರ್ತಾವ ಅನ್ನೂದ ನಮಗೂ ಗೊತ್ತಿಲ್ರಿ."

ಟಿಂಚರ್ ಅಯೋಡಿನ್ ಬರೆದುಕೊಟ್ಟರು, ಒಂದು ಮುಲಾಮೂ ಕೊಟ್ಟರು. ಚರ್ಮ ಸುಟ್ಟು ಸಿಪ್ಪೆ ಎದ್ದಿತು. ರಾತ್ರಿ ದಿಂಬಿಗೆ ತಲೆ ಇಡಲಾಗುತ್ತಿರಲಿಲ್ಲ. ಆದರೂ ಒಂದು ದಿನವೂ ತಪ್ಪಿಸಲಿಲ್ಲ, ವೈಶಾಖ ನನ್ನ ಕಣ್ಣ ಮುಂದಿತ್ತು.

ಫಾಲ್ಗುಣ ಮುಗಿಯುವಷ್ಟರಲ್ಲಿ ತಲೆಯ ಕೂದಲೆಲ್ಲ ಉದುರಿ, ಹುಬ್ಬೂ ಹೋದವು.

ಅಪ್ಪನೇ ಹುಕ್ಕೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದ. ಅವರು ಕೆಟ್ಟ ಮಾತಾಡಲಿಲ್ಲವಂತೆ. ಸಾಖರಪುಡಾದ ಸೀರೆ ಮಾತ್ರ ವಾಪಸು ಬೇಕೆಂದರು. ಆ ಹುಡುಗನನ್ನು ನಾನು ನೋಡಿದ್ದು ಒಂದೇ ಸಲ, ಅದೂ ಅರೆಗಣ್ಣಲ್ಲಿ. ಅವನಿಗಾಗಿ ಅತ್ತೆನೋ, ಹೆರಳಿಗಾಗಿ ಅತ್ತೆನೋ, ಇವತ್ತಿಗೂ ಹೇಳಲಾರೆ. ಒಂದು ತಿಂಗಳು ಅತ್ತೆ.

ಆಷಾಢದಲ್ಲಿ ಪಕ್ಕದ ಊರಿನ ಬಸದಿಗೆ ಒಬ್ಬ ಆರ್ಯಿಕೆ ಚಾತುರ್ಮಾಸಕ್ಕೆ ಬಂದು ನೆಲೆಸಿದರು. ಬಿಳಿ ಸೀರೆಯ ನಮ್ಮ ಸನ್ಯಾಸಿನಿಯರು ಕೆಲವು ತಿಂಗಳಿಗೊಮ್ಮೆ ತಮ್ಮ ತಲೆಗೂದಲನ್ನು ತಾವೇ ಕೈಯಿಂದ ಕಿತ್ತು ತೆಗೆಯುತ್ತಾರೆ. ಅದೇ ಕೇಶಲೋಚ. ಅದನ್ನು ನೋಡಲು ಹೋದ ಆಯಿ ಹೊಸದೊಂದು ವಿಚಾರ ಹೊತ್ತು ಬಂದಳು.

"ಇಕಿದು ಕೇಶಲೋಚ ತಾನಾಗೇ ಆಗೇತಿ. ದೀಕ್ಷಾ ತಗೋ ಅನ್ನೂ ಸೂಚನಾ ಇದು. ಮನ್ಯಾಗ ಕುಂತ್ರ ಮಂದಿ ನಗತಾರ. ಅಲ್ಲಿ ಕುಂತ್ರ ಅದ ಮಂದಿ ಕಾಲಿಗೆ ಬೀಳತಾರ."

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ಯಾರೂ ಕೇಳಲಿಲ್ಲ.

ಬಿಳಿ ಸೀರೆ ತಂದರು.

ಶ್ರಾವಣದ ಮೋಡದಲ್ಲಿ ಚಕ್ಕಡಿ ಹೂಡಿ ಹೋದೆವು. ಆರ್ಯಿಕೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಸೆರಗು ಸರಿಸಲು ಹೇಳಿದರು. ತಲೆ ನೋಡಿದರು. ಅವರ ಮುಖದಲ್ಲಿ ಅಯ್ಯೋ ಎನ್ನುವ ಭಾವ ಇರಲಿಲ್ಲ.

"ಇವನ್ನ ನೀನ ಕಿತ್ತಿಯೇನವ್ವಾ?"

"ಇಲ್ರಿ. ಉದುರಿದವು."

"ನಿನಗ ಏನ ಬೇಕು?"

ಆರು ತಿಂಗಳಲ್ಲಿ ಈ ಪ್ರಶ್ನೆಯನ್ನು ವೈದ್ಯರೂ ಕೇಳಿರಲಿಲ್ಲ, ಡಾಕ್ಟರೂ ಕೇಳಿರಲಿಲ್ಲ, ನನ್ನ ಮನೆಯವರೂ ಕೇಳಿರಲಿಲ್ಲ. ಬಸದಿ ಎನ್ನುವುದನ್ನೂ ಮರೆತು, "ನನಗ ಕೂದಲಾ ಬೇಕ್ರಿ" ಎಂದು ದೊಡ್ಡ ದನಿ ತೆಗೆದು ಅತ್ತುಬಿಟ್ಟೆ.

ಅವರು ಆಯಿಯ ಕಡೆ ತಿರುಗಿದರು. "ಕಳಕೊಂಡಿದ್ದನ್ನ ಬಿಟ್ಟೇನಿ ಅಂದ್ರ ಅದು ತ್ಯಾಗ ಆಗೂದಿಲ್ರಿ. ಹುಡುಗಿನ್ನ ಮನಿಗೆ ಕರಕೊಂಡ ಹೋಗ್ರಿ."

ಚಕ್ಕಡಿಯಲ್ಲಿ ಆಯಿ ಬಿಳಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮರುದಿನ ಅಂಗಳದ ಒಲೆ ಹೊತ್ತಿಸಲಿಲ್ಲ. ಅವ್ವ ಬಡಿಸಿದ್ದನ್ನು ಉಂಡಳು.

ಈಗ ಬಲಗಿವಿಯ ಮೇಲೆ ನವಿರು ಕೂದಲು ಕಾಣಿಸಿಕೊಂಡಿದೆ. ಬಣ್ಣ ಬಿಳಿ. ನಿಲ್ಲುತ್ತದೋ ಉದುರುತ್ತದೋ ಡಾಕ್ಟರೂ ಹೇಳಲಾರರು. ಎಣ್ಣೆ ಹಚ್ಚುತ್ತೇನೆ, ಮುಲಾಮು ಬಿಟ್ಟಿದ್ದೇನೆ. ಯಾವುದರಿಂದ ಬಂತೆಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ.

ಮೊನ್ನೆ ಭಾದ್ರಪದದ ಕ್ಷಮಾವಣಿ. ವರ್ಷವಿಡೀ ಮಾಡಿದ ತಪ್ಪಿಗೆ ಒಬ್ಬರು ಇನ್ನೊಬ್ಬರ ಕ್ಷಮೆ ಕೇಳುವ ದಿನ. ನಮ್ಮಲ್ಲಿ ಮೊದಲು ಕಿರಿಯರು ಹಿರಿಯರ ಬಳಿ ಹೋಗುವುದು ವಾಡಿಕೆ. ನಾನು ಏಳುವ ಮೊದಲೇ ಆಯಿ ಗೋಡೆ ಹಿಡಿದುಕೊಂಡು ನಾನಿದ್ದಲ್ಲಿಗೆ ಬಂದು ಕೈ ಮುಗಿದಳು.

"ನಿನ್ನ ನಾಚಿಕಿ ಮುಚ್ಚಾಕತ್ತೇನಿ ಅಂತ ತಿಳಿದಿದ್ದೆ. ಅಲ್ಲವ್ವಾ, ನಂದ ನಾಚಿಕಿ ಮುಚ್ಚಾಕ ನಿನ್ನ ಕಳಸಾಕ ಹೊಂಟಿದ್ದೆ. ಕ್ಷಮಾ ಮಾಡು."

ಅವಳ ಕೈ ಹಿಡಿದುಕೊಂಡೆ. "ಮಾಡೇನಿ ಆಯಿ" ಎಂದೆ. ಅದು ಬಾಯಿಯ ಮಾತು. ಮನಸ್ಸಿನಿಂದ ಹೇಳಲು ಇನ್ನಷ್ಟು ದಿನ ಹಿಡಿದೀತು. ಅವಳಿಗೂ ಅದು ಗೊತ್ತಿದೆ, ಆದರೂ ಕೈ ಬಿಡಿಸಿಕೊಳ್ಳಲಿಲ್ಲ.